ಭೈರರಸರ ವಾರಸುದಾರರು

ಒಂದು ಮನೆತನ ಅಳಿಯಿತೆಂದು ಹೇಳುವುದು ಯಾವಾಗ? ಪಟ್ಟ ಕೈತಪ್ಪಿದಾಗಲೇ, ಅರಮನೆ ಬಿದ್ದು ಮಣ್ಣಾದಾಗಲೇ, ಇಲ್ಲವೆ ಹೆಸರು ಹೇಳಲು ಮಕ್ಕಳು ಮೊಮ್ಮಕ್ಕಳು ಉಳಿಯದಾಗಲೇ? ಕಾರ್ಕಳದ ಭೈರರಸ ಒಡೆಯರ ವಿಷಯದಲ್ಲಿ ಈ ಮೂರೂ ಆಗಿ ಮುಗಿದು ಶತಮಾನಗಳೇ ಕಳೆದಿವೆ. ಆದರೂ ಕಾರ್ಕಳದ ಪೇಟೆಯಲ್ಲಿ ಬಸ್ಸಿನಿಂದಿಳಿದವನು ಕತ್ತೆತ್ತಿ ನೋಡಿದರೆ ಕಾಣುವುದು ಅವರ ಗೊಮ್ಮಟ. ಪಕ್ಕದ ಬಂಡೆಯ ದಿಣ್ಣೆಯ ಮೇಲೆ ಕಾಣುವುದು ಅವರ ಬಸದಿ. ಬೇಸಗೆಯಲ್ಲಿಯೂ ಊರಿನ ಬಾವಿಗಳ ಸೆಲೆ ಕಾಯುವುದು ಅವರ ಕಾಲದವೆಂದು ಜನ ಹೇಳುವ ಆನೆಕೆರೆ, ರಾಮಸಮುದ್ರಗಳು. ಇಷ್ಟನ್ನು ಬಿಟ್ಟುಹೋದವರಿಗೆ ವಾರಸುದಾರರಿಲ್ಲವೆಂದರೆ ನಂಬುವುದು ಕಷ್ಟ. ವಾರಸು ಎಂಬುದು ತಂದೆಯಿಂದ ಮಗನಿಗೆ ನೇರವಾಗಿ ಇಳಿಯುವ ಸೊತ್ತು ಎಂದು ತಿಳಿದವರಿಗಂತೂ ಇನ್ನೂ ಕಷ್ಟ. ತುಳುನಾಡಿನಲ್ಲಿ ಅದು ಹಾಗೆ ಇಳಿಯುತ್ತಿರಲಿಲ್ಲ. ಅಲ್ಲಿ ಸೊತ್ತು ಓರೆಯಾಗಿ, ಅಕ್ಕತಂಗಿಯರ ಮಡಿಲ ಮೂಲಕ ಸೋದರಳಿಯನ ಕೈಗೆ ಹೋಗುತ್ತಿತ್ತು.

ಭೈರರಸರು ತಮ್ಮ ಮೂಲವನ್ನು ಹೇಳಿಕೊಂಡ ಬಗೆಯೇ ಸ್ವಾರಸ್ಯವಾದುದು. ಕರಾವಳಿಯ ಅರಸರಾದರೂ ಅವರು ತಮ್ಮನ್ನು ಕರೆದುಕೊಂಡುದು ಪೊಂಬುಚ್ಚದ ಜಿನದತ್ತರಾಯನ ವಂಶದವರೆಂದು. ಪೊಂಬುಚ್ಚವೆಂದರೆ ಇಂದಿನ ಶಿವಮೊಗ್ಗ ಜಿಲ್ಲೆಯ ಹುಂಚ. ಅಲ್ಲಿ ಸಾಂತಳಿಗೆ ಸಾಸಿರವೆಂಬ ನಾಡನ್ನಾಳಿದ ಸಾಂತರರ ಒಂದು ಶಾಖೆ ಘಟ್ಟದ ಮೇಲಣ ಕಳಸಕ್ಕೆ ಸರಿದು, ಅಲ್ಲಿಂದ ಕೆರವಾಶೆಗೂ ಕಾರ್ಕಳಕ್ಕೂ ಇಳಿದು, ಭೈರರಸ ಒಡೆಯರೆಂಬ ಹೆಸರಿನಿಂದ ಪ್ರಸಿದ್ಧವಾಯಿತು. ಆದರೆ ಜಿನದತ್ತನು ಹುಂಚದವನೂ ಅಲ್ಲವಂತೆ. ಕಥೆಯ ಪ್ರಕಾರ ಅವನು ಉತ್ತರ ಮಧುರೆಯ ರಾಜಕುಮಾರ. ತಂದೆ ಸಹಕಾರನು ಬೇಡರ ಹೆಣ್ಣೊಬ್ಬಳಿಗೆ ಮರುಳಾಗಿ, ನರಮಾಂಸ ತಿನ್ನುವಷ್ಟು ಕೆಟ್ಟು, ಕೊನೆಗೆ ಸ್ವಂತ ಮಗನ ಪ್ರಾಣಕ್ಕೇ ಕೈಯಿಕ್ಕಲು ಹೊರಟನು. ಆಗ ತಾಯಿ ಮಗನ ಕೈಗೆ ಪದ್ಮಾವತಿಯ ಪ್ರತಿಮೆಯೊಂದನ್ನಿಟ್ಟು, ಕುದುರೆಯ ಮೇಲೆ ಕೂರಿಸಿ, ತೆಂಕಣ ದಿಕ್ಕಿಗೆ ಓಡಿಸಿದಳು. ಬಹುದೂರ ಬಂದ ಹುಡುಗ ಲಕ್ಕಿಯ ಗಿಡವೊಂದರ ಕೆಳಗೆ ದಣಿದು ಮಲಗಿದ. ದೇವಿ ಅಲ್ಲಿಯೇ ನಿಲ್ಲಲು ಬಯಸಿದಳು. ಅವಳ ಪ್ರತಿಮೆಗೆ ತಗುಲಿದ ಕಬ್ಬಿಣ ಹೊನ್ನಾಗುತ್ತಿತ್ತೆಂದೂ, ಅದರಿಂದಲೇ ಊರಿಗೆ ಪೊಂಬುಚ್ಚವೆಂಬ ಹೆಸರಾಯಿತೆಂದೂ ಹೇಳುತ್ತಾರೆ.

ಕಥೆ ಸೊಗಸಾಗಿದೆ. ಶಾಸನಗಳು ಮಾತ್ರ ಕಥೆಗೆ ಅಷ್ಟು ಸುಲಭವಾಗಿ ಒಪ್ಪಿಗೆ ಕೊಡುವುದಿಲ್ಲ. ಶೃಂಗೇರಿಯ ಬಳಿಯ ಕಿಗ್ಗದ ಹಳೆಯ ಶಾಸನದಲ್ಲಿ ಆಳುಪ ಅರಸನಾದ ಚಿತ್ರವಾಹನನು ಪೊಂಬುಚ್ಚವನ್ನಾಳುತ್ತಿದ್ದ ಮಾತು ಬರುತ್ತದೆ. ಹಾಗಾದರೆ ಸಾಂತರರು ಕಣ್ಣಿಗೆ ಬೀಳುವ ಮುನ್ನವೇ ಊರಿತ್ತು, ಊರಿಗೆ ಹೆಸರಿತ್ತು, ಆಳುವವರೂ ಇದ್ದರು. ಆ ಆಳುಪರಾದರೋ ತುಳುನಾಡಿನ ಒಡೆಯರು. ಉಡುಪಿಗೂ ಕಾಪುವಿಗೂ ನಡುವೆ ಹೆದ್ದಾರಿಯಲ್ಲಿ ಸಿಗುವ ಉದ್ಯಾವರವೇ ಅವರ ರಾಜಧಾನಿಯಾಗಿತ್ತು. 8ನೆಯ ಶತಮಾನದಲ್ಲಿ ಆಳುಪ ದಾಯಾದಿಗಳು ಅದೇ ಉದ್ಯಾವರದಲ್ಲಿ ಬಡಿದಾಡಿದುದಕ್ಕೆ ಅಲ್ಲಿಯ ವೀರಗಲ್ಲುಗಳು ಸಾಕ್ಷಿಯಾಗಿವೆ. ಇಂದು ಮೀನಿನ ಲಾರಿಗಳ ಹಿಂದೆ ಹಾರನ್ ಹೊಡೆಯುತ್ತ ಉದ್ಯಾವರದ ಸೇತುವೆಯನ್ನು ದಾಟುವವರಿಗೆ ಒಂದು ಕಾಲದಲ್ಲಿ ಇಲ್ಲಿಂದ ಹುಂಚದವರೆಗೂ ಒಂದೇ ಆಳಿಕೆಯಿತ್ತೆಂದರೆ ಹಾಸ್ಯವೆಂದೇ ತೋರೀತು. ಅಂತೂ ಸಾಂತರರ ಊರು ಮೊದಲು ಕರಾವಳಿಯವರ ಕೈಯಲ್ಲಿತ್ತು. ಮುಂದೆ ಕರಾವಳಿಯ ಕಾರ್ಕಳ ಸಾಂತರರ ಕೈಗೆ ಬಂದಿತು. ಚರಿತ್ರೆಯು ಇಂಥ ಸಾಲಗಳನ್ನು ತಡವಾಗಿಯಾದರೂ ತೀರಿಸುತ್ತದೆ.

ಜಿನದತ್ತನ ಕಥೆ ನಡೆದುದೇ ಇಲ್ಲವೇ ಎಂಬುದು ಇಲ್ಲಿ ಮುಖ್ಯವಲ್ಲ. ಬೇರೂರಲು ಹೊಸ ನೆಲಕ್ಕೆ ಬಂದ ಕುಲಕ್ಕೆ ಒಬ್ಬ ಮೂಲಪುರುಷ ಬೇಕು. ಅವನು ದೂರದಿಂದ ಬಂದಿದ್ದರೆ ಇನ್ನೂ ಒಳ್ಳೆಯದು. ಇದು ಭಾರತದ ಮಾತು ಮಾತ್ರವಲ್ಲ. ಯುರೋಪಿನ ಆಗ್ನೇಯ ಮೂಲೆಯಲ್ಲಿ, ಆಲ್ಬೇನಿಯದ ಬಡಗಣ ಬೆಟ್ಟಗಳಲ್ಲಿ, ಮಧ್ಯಯುಗದಿಂದ ಬಂದ ಬುಡಕಟ್ಟುಗಳಿವೆ. ಒಂದೊಂದು ಕುಲವೂ ತಾನು ಒಬ್ಬ ಮೂಲಪುರುಷನ ಸಂತತಿಯೆಂದು ಹೇಳಿಕೊಳ್ಳುತ್ತದೆ. ಒಂದೇ ಕುಲದೊಳಗೆ ಹೆಣ್ಣು ಕೊಟ್ಟು ತರುವುದು ನಿಷಿದ್ಧ. ಅವರ ಕಟ್ಟಳೆಯಲ್ಲಿ ತಂದೆಯ ಕಡೆಯ ಬಳಗಕ್ಕೆ ರಕ್ತದ ಮರವೆಂದೂ ತಾಯಿಯ ಕಡೆಯ ಬಳಗಕ್ಕೆ ಹಾಲಿನ ಮರವೆಂದೂ ಹೆಸರು. ಆಸ್ತಿ, ಹೆಸರು, ಹಗೆ ಎಲ್ಲವೂ ರಕ್ತದ ಮರಕ್ಕೆ ಸೇರಿದುವು. ಹಾಲಿನ ಮರಕ್ಕೆ ನೆಂಟಸ್ತಿಕೆಯಷ್ಟೆ. ತುಳುನಾಡಿನವರು ಇದನ್ನು ಕೇಳಿದರೆ ಸ್ವಲ್ಪ ನಕ್ಕಾರು. ಇಲ್ಲಿ ಹೆಸರೂ ಹೊಲವೂ ಎರಡೂ ಹಾಲಿನ ಮರದ ಮೇಲೆಯೇ ಬಿಡುತ್ತಿದ್ದ ಹಣ್ಣುಗಳು.

ಸಾಂತರರು ಘಟ್ಟದ ಮೇಲಿದ್ದಾಗ ರಕ್ತದ ಮರದವರೇ. 897ರಲ್ಲಿ ಹುಂಚದಲ್ಲಿ ಕಲ್ಲಿನ ಬಸದಿಯನ್ನು ಕಟ್ಟಿಸಿದ ವಿಕ್ರಮ ಸಾಂತರನ ಕಾಲದಿಂದ ಮುಂದೆ ಪಟ್ಟವು ಬಹುಮಟ್ಟಿಗೆ ತಂದೆಯಿಂದ ಮಗನಿಗೆ, ಅಣ್ಣನಿಂದ ತಮ್ಮನಿಗೆ ಹೋಗುತ್ತಿತ್ತು. ಆದರೂ ಆ ಮನೆತನದ ಅತ್ಯಂತ ಹೃದ್ಯವಾದ ವ್ಯಕ್ತಿ ಒಬ್ಬ ಅರಸನಲ್ಲ, ಚಟ್ಟಲದೇವಿಯೆಂಬ ಹೆಂಗಸು. ಅವಳು ಗಂಗ ಕುಲದ ಮಗಳು. ಪಲ್ಲವ ಮನೆತನದ ಕಾಡುವೆಟ್ಟಿಯ ರಾಣಿ. ಗಂಡನನ್ನೂ ಮಗನನ್ನೂ ಕಳೆದುಕೊಂಡಳು. ಸಾಂತರರ ಮನೆಯನ್ನು ಸೇರಿದ್ದ ಅವಳ ತಂಗಿ ನಾಲ್ಕು ಗಂಡುಮಕ್ಕಳನ್ನು ಬಿಟ್ಟು ತೀರಿಕೊಂಡಾಗ, ತೈಲ, ಗೊಗ್ಗಿ, ಒಡ್ಡುಗ, ಬರ್ಮ ಎಂಬ ಆ ನಾಲ್ವರನ್ನು ತನ್ನ ಮಕ್ಕಳೆಂದೇ ಸಾಕಿದಳು. 1077ರಲ್ಲಿ ಅವಳು ಹುಂಚದಲ್ಲಿ ಕಟ್ಟಿಸಿದ ಪಂಚಕೂಟ ಬಸದಿಗೆ ಉರ್ವೀತಿಲಕವೆಂದು ಹೆಸರು. ಅದರ ಮುಂದಿನ ಮಾನಸ್ತಂಭದ ಬುಡದಲ್ಲಿ ನಿಂತವರಿಗೆ, ಇಷ್ಟು ದೊಡ್ಡ ಕಟ್ಟಡವನ್ನು ಎತ್ತಿಸಿದ ದುಃಖ ಎಷ್ಟು ದೊಡ್ಡದಿದ್ದಿರಬೇಕೆಂದು ಅನ್ನಿಸದಿರದು. ತಂಗಿಯ ಮಕ್ಕಳೇ ತನ್ನ ಮಕ್ಕಳೆಂಬ ಮಾತು ಅವಳಿಗೆ ಕಾನೂನಲ್ಲ, ಕರುಳು. ಕೆಳಗಿಳಿದ ಮೇಲೆ ಅವಳ ಮನೆತನಕ್ಕೆ ಅದೇ ಕಾನೂನಾಯಿತು.

ಅವರು ಘಟ್ಟವಿಳಿದುದೇಕೆ? ವೀರರಸದ ಉತ್ತರಗಳು ಬೇಕಾದಷ್ಟು ಸಿಕ್ಕುತ್ತವೆ. ನೀರಸವಾದ ಉತ್ತರವೇ ಬಹುಶಃ ನಿಜ: ಮೆಣಸು ಮತ್ತು ಅಕ್ಕಿ. ಕಳಸದ ಸೀಮೆಯಲ್ಲಿ ಮೆಣಸು, ಏಲಕ್ಕಿ, ಅಡಕೆ ಬೆಳೆಯುತ್ತವೆ. ಅವನ್ನು ಕೊಳ್ಳುವ ಹಡಗುಗಳು ಬಾರಕೂರು, ಬಸರೂರುಗಳ ಕಡೆ ಕಾದಿರುತ್ತಿದ್ದುವು. ಕೆಳಗಿನ ಬಯಲಿನಲ್ಲಿ ಬತ್ತ ಬೆಳೆಯುತ್ತದೆ. ಸಮುದ್ರದಾಚೆಯಿಂದ ಕುದುರೆ ಬರುತ್ತದೆ. ನಡುವೆ ಇರುವುದು ಕಡಿದಾದ ಕಣಿವೆಯ ದಾರಿ. ಆ ದಾರಿಯ ಎರಡು ತುದಿಗಳನ್ನೂ ಹಿಡಿದವನಿಗೆ ಎತ್ತಿನ ಹೇರು ಹೇರಿಗೂ ಸುಂಕ ಸಲ್ಲಬೇಕು. ಕಳಸದಲ್ಲಿ ಕುಳಿತೇ 13ನೆಯ ಶತಮಾನದಲ್ಲಿ ಜಾಕಲ ಮಹಾದೇವಿ, ಕಾಲಲ ಮಹಾದೇವಿಯರೆಂಬ ಇಬ್ಬರು ರಾಣಿಯರು ಆಳಿದರು. ಜೈನ ಮನೆತನದವರಾದರೂ ಕಳಸೇಶ್ವರನ ಗುಡಿಗೆ ದತ್ತಿ ಬಿಡುವುದರಲ್ಲಿ ಈ ಅರಸರು ಹಿಂದೆಮುಂದೆ ನೋಡಲಿಲ್ಲ. ಬೆಟ್ಟದಲ್ಲಿ ಹುಟ್ಟಿ ಕಾರ್ಕಳದ ಬದಿಯಿಂದ ಹರಿದು ಮಣಿಪಾಲದ ಗುಡ್ಡದ ಕೆಳಗೆ ಸಾಗುವ ಸ್ವರ್ಣಾ ನದಿಯೂ ಅವರ ಹಾಗೆಯೇ ಘಟ್ಟವಿಳಿದು ಬಂದುದು. ಬಜೆಯಲ್ಲಿ ಕಟ್ಟೆ ಕಟ್ಟಿ ತಡೆದ ಅದರ ನೀರೇ ಉಡುಪಿ ಮಣಿಪಾಲಗಳ ಮನೆಮನೆಯ ನಲ್ಲಿಯಲ್ಲಿ ಬರುತ್ತದೆ.

ಇಳಿದು ಬಂದವರಿಗೆ ನೆಲದ ಕಟ್ಟಳೆ ಹತ್ತಿತು. ಅದು ಹತ್ತಿದ ಗುರುತು ಕಲ್ಲಿನ ಮೇಲೆಯೇ ಇದೆ. 1432ರ ಗೊಮ್ಮಟ ವಿಗ್ರಹದ ಪಕ್ಕದ ಬರಹದಲ್ಲಿ ಅದನ್ನು ಮಾಡಿಸಿದ ವೀರಪಾಂಡ್ಯನು ಭೈರವೇಂದ್ರನ ಮಗನೆಂದಿದೆ. 154 ವರ್ಷಗಳ ಅನಂತರ, ಎದುರಿನ ದಿಣ್ಣೆಯ ಚತುರ್ಮುಖ ಬಸದಿಯ ಶಾಸನದಲ್ಲಿ, ಅದನ್ನು ಕಟ್ಟಿಸಿದ ಇಮ್ಮಡಿ ಭೈರರಸನು ಹಿಂದಿನ ಭೈರವನ ಸೋದರಿ ಗುಮ್ಮಟಾಂಬೆಯ ಮಗನೆಂದು ಹೇಳಿಸಿಕೊಳ್ಳುತ್ತಾನೆ. ಪಟ್ಟದ ಹೆಸರು ಎರಡೂ ಕಡೆ ಭೈರವನೇ. ಆದರೆ ಒಂದೆಡೆ ಹಿಡಿದ ದಾರ ತಂದೆಯದು, ಇನ್ನೊಂದೆಡೆ ಸೋದರಮಾವನದು. ಇಷ್ಟಾದರೂ ಜಿನದತ್ತನನ್ನು, ಪೊಂಬುಚ್ಚವನ್ನು, ಪದ್ಮಾವತಿಯನ್ನು ಅವರು ಬಿಡಲಿಲ್ಲ. ತಂದೆಯ ಕಡೆಯ ಮೂಲಪುರುಷನನ್ನು ತಾಯಿಯ ಕಡೆಯ ದಾರಿಯಲ್ಲಿ ಹೊತ್ತು ತಂದ ಈ ಜಾಣತನವನ್ನು ಯಾವ ವಕೀಲರೂ ಮೆಚ್ಚಬೇಕು.

ಅಳಿಯಸಂತಾನಕ್ಕೆ ತುಳುನಾಡು ಹೇಳುವ ಕಾರಣಕಥೆ ಮಕ್ಕಳಿಗೂ ಗೊತ್ತಿದೆ. ಹಡಗು ನೀರಿಗಿಳಿಯಬೇಕಾದರೆ ಕುಂಡೋದರನೆಂಬ ಭೂತಕ್ಕೆ ಗಂಡುಮಗನನ್ನು ಬಲಿ ಕೊಡಬೇಕಾಯಿತು. ಹೆಂಡತಿ ತನ್ನ ಮಕ್ಕಳಲ್ಲಿ ಒಬ್ಬನನ್ನೂ ಕೊಡೆನೆಂದಳು. ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಮುಂದೆ ನಿಲ್ಲಿಸಿದಳು. ಭೂತ ಮೆಚ್ಚಿ ಹುಡುಗನನ್ನು ಬದುಕಿಸಿತು; ಅವನೇ ಭೂತಾಳಪಾಂಡ್ಯನಾಗಿ ಬಾರಕೂರನ್ನಾಳಿ, ಸೊತ್ತು ಇನ್ನು ಅಳಿಯನಿಗೇ ಎಂದು ಕಟ್ಟು ಮಾಡಿದನು. ಈ ಕಟ್ಟಿನ ಪುಸ್ತಕವನ್ನು ಇಂಗ್ಲಿಷರ ಕೋರ್ಟುಗಳು ಪ್ರಮಾಣವೆಂದು ಹಿಡಿದುದೂ, ಅದು 19ನೆಯ ಶತಮಾನದಲ್ಲಿ ಯಾರೋ ಹೆಣೆದುದೆಂದು ಬರ್ನೆಲ್ ಎಂಬ ವಿದ್ವಾಂಸ ವಾದಿಸಿದುದೂ ಬೇರೆ ಕಥೆ. ಪುಸ್ತಕ ಕೃತಕವಾಗಬಹುದು, ಪದ್ಧತಿ ಕೃತಕವಲ್ಲ. 1586ರ ಕಲ್ಲಿನಲ್ಲಿ ಗುಮ್ಮಟಾಂಬೆಯ ಹೆಸರಿರುವಾಗ ಭೂತಾಳಪಾಂಡ್ಯನ ಸಾಕ್ಷಿ ಬೇಕಾಗಿಯೂ ಇಲ್ಲ.

ಈಗ ಗೊಮ್ಮಟನಿಗೆ ಬರೋಣ. 1432ರ ಫೆಬ್ರವರಿ 13ರಂದು ಪ್ರತಿಷ್ಠೆಯಾದ ಈ ಏಕಶಿಲಾಮೂರ್ತಿಯ ಎತ್ತರ ಸುಮಾರು 42 ಅಡಿ. ಶ್ರವಣಬೆಳಗೊಳದ ಮೂರ್ತಿಯನ್ನು ಬೆಟ್ಟದ ನೆತ್ತಿಯಲ್ಲಿಯೇ ಕಡೆದರು. ಕಾರ್ಕಳದ್ದನ್ನು ಬೇರೆಡೆ ಕಡೆದು, ಗಾಡಿಯ ಮೇಲೆ ಬಂಡೆಯೇರಿಸಿ ನಿಲ್ಲಿಸಿದರೆಂದು ಚಂದ್ರಮನೆಂಬ ಕವಿ ತನ್ನ ಕಾರ್ಕಳದ ಗೊಮ್ಮಟೇಶ್ವರ ಚರಿತೆಯಲ್ಲಿ ವರ್ಣಿಸಿದ್ದಾನೆ. ಆ ನುಣುಪು ಬಂಡೆಯ ಮೆಟ್ಟಿಲುಗಳನ್ನು ಬರಿಗೈಯಲ್ಲಿ ಏರಿದವರಿಗೇ ಉಸಿರು ಹತ್ತುತ್ತದೆ. ಮೂರ್ತಿಯ ಮುಂದೆ ಬ್ರಹ್ಮದೇವರ ಕಂಬವಿದೆ. ಅದು 1436ರದು, ಅದೂ ವೀರಪಾಂಡ್ಯನದೇ. ಬೆಳಗೊಳದ ಗುರುಗಳಂತೆ ಇಲ್ಲಿ ಪ್ರೇರಣೆಯಿತ್ತವರು ಪನಸೋಗೆಯ ಪರಂಪರೆಯ ಲಲಿತಕೀರ್ತಿಗಳು. ಅದೇ ಪಟ್ಟದ ಹೆಸರನ್ನು ಧರಿಸಿದ ಗುರುಗಳೇ 1586ರಲ್ಲಿಯೂ ಇದ್ದರು. ಅರಸರಲ್ಲಿ ಭೈರವನಾದ ಮೇಲೆ ಭೈರವ, ಮಠದಲ್ಲಿ ಲಲಿತಕೀರ್ತಿಯಾದ ಮೇಲೆ ಲಲಿತಕೀರ್ತಿ. ಮನುಷ್ಯರು ಹೋಗುತ್ತಾರೆ, ಹೆಸರು ಕುಳಿತಲ್ಲಿಯೇ ಕುಳಿತಿರುತ್ತದೆ.

ಹೆಸರು ಉಳಿಸಿಕೊಳ್ಳುವ ಆತುರವೇ ಭೈರರಸರಿಗೆ ಮಾರಕವಾಯಿತೆಂದು ಹೇಳುವ ಇನ್ನೊಂದು ದಾಖಲೆಯಿದೆ. ಅದು ಕಲ್ಲಿನಲ್ಲಿಲ್ಲ, ತುಳು ಪಾಡ್ದನದಲ್ಲಿದೆ. ಬೀರ ಕಲ್ಕುಡನೆಂಬ ಶಿಲ್ಪಿ ಭೈರರಸನಿಗಾಗಿ ಗೊಮ್ಮಟನನ್ನು ಕಡೆದು ನಿಲ್ಲಿಸಿದನು. ಮೆಚ್ಚಿದ ಅರಸನು ಬಹುಮಾನ ಕೊಡುವ ಬದಲು, ಇಂಥ ಕೆಲಸ ಇನ್ನೆಲ್ಲಿಯೂ ಆಗಬಾರದೆಂದು, ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸಿದನು. ಕಲ್ಕುಡನು ಉಳಿದ ಕೈಯಲ್ಲಿಯೇ ಉಳಿ ಹಿಡಿದು ವೇಣೂರಿಗೆ ಹೋಗಿ, ಅಲ್ಲಿಯ ಅಜಿಲರಸನಿಗೆ ಇನ್ನೊಂದು ಗೊಮ್ಮಟನನ್ನು ಮಾಡಿಕೊಟ್ಟನು. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಕಲ್ಲುರ್ಟಿ ಆ ಕೈಯನ್ನು ನೋಡಿದಳು. ಅಣ್ಣತಂಗಿಯರಿಬ್ಬರೂ ಮಾಯವಾಗಿ ದೈವಗಳಾದರು. ಕಾರ್ಕಳಕ್ಕೆ ಬೆಂಕಿ ಬಿತ್ತು, ಅರಮನೆಯಲ್ಲಿ ನಿದ್ದೆಯಿಲ್ಲದಾಯಿತು.

ಲೆಕ್ಕ ಬಲ್ಲವರು ಇಲ್ಲಿ ಆಕ್ಷೇಪಿಸುತ್ತಾರೆ. ವೇಣೂರಿನ ಗೊಮ್ಮಟನನ್ನು ತಿಮ್ಮರಾಜನು ನಿಲ್ಲಿಸಿದುದು 1604ರಲ್ಲಿ. ಕಾರ್ಕಳಕ್ಕೂ ಅದಕ್ಕೂ 172 ವರ್ಷಗಳ ಅಂತರ. ಯಾವ ಶಿಲ್ಪಿ ಅಷ್ಟು ಕಾಲ ಬದುಕಿದ? ಆಕ್ಷೇಪಣೆ ಸರಿಯೇ. ಪಾಡ್ದನವೆಂದರೆ ಪಂಚಾಂಗವಲ್ಲ. ವೇಣೂರಿನಲ್ಲಿ ಮೂರ್ತಿ ಏಳುವಾಗ ಕಾರ್ಕಳದ ಅರಸನು ಹೊಟ್ಟೆಯುರಿದು ತಡೆಯಬಂದನೆಂಬ ಮಾತು ಬೇರೆಯಾಗಿಯೂ ಪ್ರಚಾರದಲ್ಲಿದೆ. ಮೂರ್ತಿಯನ್ನು ಹೊಳೆಯ ಮರಳಿನಲ್ಲಿ ಹೂತು ಕಾಪಾಡಿದರಂತೆ. ಆ ಮತ್ಸರವನ್ನು ಜನ ಮರೆಯಲಿಲ್ಲ. ಅದನ್ನು ಹಿಂದಿನ ಗೊಮ್ಮಟನಿಗೂ ಒಯ್ದು ಅಂಟಿಸಿದರು; ಶಾಸನದಲ್ಲಿ ಒಂದಕ್ಷರಕ್ಕೂ ಗತಿಯಿಲ್ಲದ ಕಲ್ಲುಕುಟಿಗನಿಗೆ ಹೆಸರು ಕೊಟ್ಟರು, ತಂಗಿಯನ್ನು ಕೊಟ್ಟರು, ಗುಡಿ ಕೊಟ್ಟರು. ಮಂಗಳೂರಿನ ಬಾಸೆಲ್ ಮಿಶನ್ನಿನ ಮ್ಯಾನರ್ 1886ರಲ್ಲಿ ಪಾಡ್ದನಗಳನ್ನು ಅಚ್ಚು ಹಾಕಿಸುವ ಮೊದಲೂ ಅನಂತರವೂ, ಇದನ್ನು ಉಳಿಸಿಕೊಂಡು ಬಂದವರು ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು, ಕೋಲದಲ್ಲಿ ಮೋರೆಗೆ ಬಣ್ಣ ಹಚ್ಚಿ ನಿಲ್ಲುವ ಕಲಾವಿದರು. ಕಾರ್ಕಳ, ಉಡುಪಿ, ಕಾಪುಗಳ ಸುತ್ತಿನಲ್ಲಿ ಎಷ್ಟೋ ಮನೆಗಳ ಮೂಲೆಯಲ್ಲಿ ಕಲ್ಲುರ್ಟಿಗೆ ದೀಪವಿದೆ. ವೀರಪಾಂಡ್ಯನಿಗೆ ದೀಪವಿಟ್ಟ ಮನೆಯನ್ನು ಮಾತ್ರ ಯಾರೂ ಕಂಡಿಲ್ಲ. ಇಲ್ಲಿಯೂ ನೋಡಿ, ಸೇಡು ತೀರಿಸಲು ಬಂದವಳು ಹೆಂಡತಿಯಲ್ಲ, ಮಗಳಲ್ಲ; ತಂಗಿ. ಬೇರೆ ನಾಡಿನಲ್ಲಾಗಿದ್ದರೆ ಈ ಕಥೆಯಲ್ಲಿ ಒಬ್ಬ ಮಗ ಎದ್ದು ಬರುತ್ತಿದ್ದನು.

ಅಷ್ಟು ಕ್ರೂರವಾಗಿ ನೆನೆಯಲ್ಪಟ್ಟ ಮನೆತನವು ಚತುರ್ಮುಖ ಬಸದಿಯಲ್ಲಿ ಬೇರೆಯದೇ ಮುಖವನ್ನು ತೋರುತ್ತದೆ. ಶಕವರ್ಷ 1508ರ, ಎಂದರೆ 1586ರ, ಶಾಸನವು ಇದಕ್ಕೆ ತ್ರಿಭುವನತಿಲಕ ಜಿನಚೈತ್ಯಾಲಯವೆಂದು ಹೆಸರಿಡುತ್ತದೆ. ಗೋಡೆ, ಕಂಬ, ಮಾಡು ಎಲ್ಲವೂ ಕಲ್ಲು. ನಾಲ್ಕು ದಿಕ್ಕಿಗೂ ಒಂದೇ ತೆರನಾದ ಬಾಗಿಲುಗಳು. ಯಾವ ಬಾಗಿಲಿನಿಂದ ಒಳಹೊಕ್ಕರೂ ಅರ, ಮಲ್ಲಿ, ಮುನಿಸುವ್ರತರೆಂಬ ಅದೇ ಮೂವರು ತೀರ್ಥಂಕರರ ದರ್ಶನ. ಹಿಂಬಾಗಿಲೆಂಬುದೇ ಇಲ್ಲದ ಕಟ್ಟಡ. ಅದರ ಖರ್ಚುವೆಚ್ಚಕ್ಕೆ ತೆಳಾರು ಗ್ರಾಮವನ್ನೂ ರೆಂಜಾಳ ನಲ್ಲೂರುಗಳ ಕಂದಾಯವನ್ನೂ ಬಿಟ್ಟುದಾಗಿ ಶಾಸನ ಹೇಳುತ್ತದೆ. ರೆಂಜಾಳ, ನಲ್ಲೂರು ಎಂದು ಕೂಗಿ ಕರೆಯುವ ಬಸ್ಸಿನ ಕಂಡಕ್ಟರನ ಬಾಯಲ್ಲಿ ಆ ದತ್ತಿಯ ಊರುಗಳು ದಿನವೂ ಕೇಳಿಬರುತ್ತವೆ.

ಈ ಬಸದಿಯ ಎದುರು, ಕೆಳಗೆ, ಅನಂತಶಯನನ ಗುಡಿಯಿದೆ. ಶೃಂಗೇರಿಯ ನರಸಿಂಹ ಭಾರತಿಗಳು ಕಾರ್ಕಳಕ್ಕೆ ಬಂದಾಗ ಅರಸನು ಇಲ್ಲಿಯೇ ನಿಲ್ಲಬೇಕೆಂದು ಪ್ರಾರ್ಥಿಸಿದನಂತೆ. ತಮ್ಮ ದೇವರ ಗುಡಿಯಿಲ್ಲದ ಊರಿನಲ್ಲಿ ನಿಲ್ಲುವುದು ಹೇಗೆಂದು ಅವರು ಕೇಳಿದರಂತೆ. ಜಿನಬಿಂಬಕ್ಕೆಂದು ಕಟ್ಟಿಸಿ ಮುಗಿಸಿದ್ದ ಹೊಸ ಗುಡಿಯಲ್ಲಿ ಅರಸನು ಅನಂತಶಯನನನ್ನೇ ಪ್ರತಿಷ್ಠಿಸಿ, ತನ್ನ ಬಸದಿಗೆ ಬೇರೆ ಬಂಡೆಯನ್ನು ಹುಡುಕಿಕೊಂಡನಂತೆ. ಐತಿಹ್ಯವಾದರೂ ಕಣ್ಣೆದುರಿಗೆ ಎರಡೂ ಕಟ್ಟಡಗಳು ಒಂದನ್ನೊಂದು ನೋಡುತ್ತ ನಿಂತಿವೆ.

ಇದು ಒಬ್ಬನ ಔದಾರ್ಯ ಮಾತ್ರವಾಗಿರಲಿಲ್ಲ. ಕಾಲದ ನಡೆಯೂ ಹಾಗಿತ್ತೆಂಬುದಕ್ಕೆ ಕಾಪುವಿನ ತಾಮ್ರಶಾಸನ ಸಾಕ್ಷಿ. ಇಂದು ಕಾಪುವೆಂದರೆ ನೆನಪಾಗುವುದು 1901ರ ದೀಪಸ್ತಂಭ, ಮಾರಿಗುಡಿ, ಸಂಜೆಯ ಸಮುದ್ರ. 16ನೆಯ ಶತಮಾನದಲ್ಲಿ ಅಲ್ಲಿ ಮದ್ದ ಹೆಗ್ಗಡೆಯೆಂಬ ಅರಸನಿದ್ದನು. 1556ರಲ್ಲಿ ಅವನು ಕಾಪುವಿನ ಧರ್ಮನಾಥ ಬಸದಿಗೆ ಮಲ್ಲಾರಿನಲ್ಲಿ ಭೂಮಿ ಬಿಟ್ಟನು. ದಾನಪತ್ರಗಳ ಕೊನೆಯಲ್ಲಿ ಶಾಪವಿರುವುದು ವಾಡಿಕೆ. ಈ ಪತ್ರದ ಶಾಪ ವಾಡಿಕೆಯದಲ್ಲ. ದಾನ ಕೆಡಿಸಿದವನು ಜೈನನಾದರೆ ಬೆಳಗೊಳದ ಗೊಮ್ಮಟನನ್ನೂ ಕೊಪಣದ ಚಂದ್ರನಾಥನನ್ನೂ ಊರ್ಜಯಂತದ ನೇಮಿನಾಥನನ್ನೂ ಒಡೆದ ಪಾಪ. ಶೈವನಾದರೆ ಗೋಕರ್ಣ ಮೊದಲಾದೆಡೆಯ ಲಿಂಗಗಳನ್ನು ಕಿತ್ತ ಪಾಪ. ವೈಷ್ಣವನಾದರೆ ತಿರುಮಲೆಯಲ್ಲಿ ಮಾಡಬಾರದುದನ್ನು ಮಾಡಿದ ಪಾಪ. ಒಂದು ಬಸದಿಯ ಗದ್ದೆಯನ್ನು ಕಾಯಲು ಮೂರು ಮತದ ದೇವರುಗಳನ್ನೂ ಕಾವಲಿಗೆ ನಿಲ್ಲಿಸಿದ ಹೆಗ್ಗಡೆಯ ಬುದ್ಧಿ ಮೆಚ್ಚತಕ್ಕದ್ದು. ಗದ್ದೆಗೆ ಮುಂದೆ ಯಾರ್ಯಾರು ಒಡೆಯರಾಗಬಹುದೆಂದು ಅವನು ಸರಿಯಾಗಿಯೇ ಊಹಿಸಿದ್ದನು. ಇಂಥ ತುಣುಕುಗಳನ್ನೆಲ್ಲ ಗುಡಿಗುಡಿ ಅಲೆದು ಹೆಕ್ಕಿದವರಲ್ಲಿ ಕಾಪುವಿನ ಸಮೀಪದ ಪಾದೂರಿನವರೇ ಆದ ಗುರುರಾಜ ಭಟ್ಟರೊಬ್ಬರು. ತುಳುವರ ಇತಿಹಾಸ ಸಂಸ್ಕೃತಿಗಳನ್ನು ಕುರಿತ ಅವರ ಬೃಹದ್ಗ್ರಂಥ 1975ರಲ್ಲಿ ಪ್ರಕಟವಾಯಿತು.

ವಿಜಯನಗರ ಕುಸಿದ ಮೇಲೆ ಕೆಳದಿಯ ನಾಯಕರು ಘಟ್ಟವಿಳಿದು ಬಂದರು. ಭೈರರಸರು ಬಂದ ದಿಕ್ಕಿನಿಂದಲೇ ಅವರನ್ನು ಮುಗಿಸುವವರೂ ಬಂದರು. 17ನೆಯ ಶತಮಾನದಲ್ಲಿ ಮನೆತನ ಕ್ಷೀಣಿಸಿತು. 1763ರಲ್ಲಿ ಹೈದರನೂ 1799ರಲ್ಲಿ ಕಂಪೆನಿಯೂ ಬರುವ ವೇಳೆಗೆ ಕಾರ್ಕಳದಲ್ಲಿ ಕೇಳುವ ಅರಸನಿರಲಿಲ್ಲ. ಕೊನೆಯ ಭೈರರಸನಿಗೆ ಏಳು ಮಂದಿ ಹೆಣ್ಣುಮಕ್ಕಳಿದ್ದರೆಂದೂ, ಅವನು ರಾಜ್ಯವನ್ನು ಅವರಿಗೆ ಹಂಚಿದನೆಂದೂ, ಏಳ್ವರಿಗೂ ಭೈರಾದೇವಿಯೆಂದೇ ಹೆಸರೆಂದೂ ಒಂದು ಐತಿಹ್ಯ ಇಂಗ್ಲಿಷರ ಬರಹಗಳಲ್ಲಿ ಸಿಕ್ಕುತ್ತದೆ. ಅಳಿಯಸಂತಾನದ ನಾಡಿನಲ್ಲಿ ಇದು ತೀರ ಸರಿಯಾಗಿ ಹೊಂದದ ಕಥೆ. ಆದರೂ ಹೆಣ್ಣಿನ ಕೈಗೆ ಬಂದ ಪಟ್ಟ ಹೆಣ್ಣಿನ ಕೈಯಲ್ಲಿಯೇ ಕರಗಿತೆಂದು ಜನರಿಗೆ ಅನ್ನಿಸಿರಬೇಕು.

ಮೂಡಬಿದಿರೆಯಲ್ಲಿ ಚೌಟರ ಅರಮನೆ ಇನ್ನೂ ಇದೆ. ಅಲ್ಲಿಯ ಮರದ ಕಂಬಗಳಲ್ಲಿ ಒಂಬತ್ತು ನಾರಿಯರು ಸೇರಿ ಆನೆಯಾಗಿದ್ದಾರೆ, ಐವರು ಸೇರಿ ಕುದುರೆಯಾಗಿದ್ದಾರೆ. ಕಾರ್ಕಳದಲ್ಲಿ ತೋರಿಸಲು ಅಂಥ ಒಂದು ಕಂಬವೂ ಇಲ್ಲ. ದೇವರಿಗೆ ಕಲ್ಲು, ತಮಗೆ ಮಣ್ಣು ಮತ್ತು ಮರ ಎಂಬುದು ಆಗಿನವರ ರೀತಿ. ತುಳುನಾಡಿನ ಮಳೆಯಲ್ಲಿ ಮಾಡಿನ ಹುಲ್ಲನ್ನೋ ಹಂಚನ್ನೋ ನಾಲ್ಕು ವರ್ಷ ನೋಡದೆ ಬಿಟ್ಟರೆ ಯಾವ ಅರಮನೆಯೂ ಗೆದ್ದಲ ಪಾಲೇ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಇದನ್ನು ಕಂಡು ಮರುಗಿ, ಬೀಳಲಿದ್ದ ಹಳೆಯ ಮನೆಗಳನ್ನು ಕಂಬ ಕಂಬವಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಕಾಪುವಿನ ಕಡೆಯ ಕುಂಜೂರಿನ ಚೌಕಿಮನೆಯೂ ಅಲ್ಲಿದೆ. ಭೈರರಸರಿಗೆ ಅಂಥ ಒಬ್ಬ ಬಂಧು ಸಕಾಲದಲ್ಲಿ ಸಿಗಲಿಲ್ಲ.

ರಜೆಗೆಂದು ಮುಂಬಯಿಯಿಂದ ಬಂದ ಹುಡುಗನೊಬ್ಬ ಅಜ್ಜನ ಕೈಹಿಡಿದು ಗೊಮ್ಮಟಬೆಟ್ಟವನ್ನೇರುತ್ತಾನೆ. ಮೇಲೆ ಗಾಳಿಗೆ ಟೊಪ್ಪಿಯನ್ನು ಒತ್ತಿಹಿಡಿದುಕೊಂಡು, “ಇದು ಯಾರದು?” ಎಂದು ಕೇಳುತ್ತಾನೆ. ಭೈರರಸರದೆಂದು ಅಜ್ಜ ಹೇಳುತ್ತಾನೆ. “ಅವರು ಈಗ ಎಲ್ಲಿದ್ದಾರೆ?” ಇಲ್ಲವೆಂಬ ಉತ್ತರ ಹುಡುಗನಿಗೆ ಒಪ್ಪಿಗೆಯಾಗುವುದಿಲ್ಲ, ಅವರ ಮಕ್ಕಳ ಮಕ್ಕಳಾದರೂ ಇರಬೇಕಲ್ಲ ಎನ್ನುತ್ತಾನೆ. ಅಜ್ಜ ಪುರಾತತ್ವ ಇಲಾಖೆಯ ಫಲಕವನ್ನು ತೋರಿಸಿ, ಈಗ ಸರಕಾರದ್ದು ಎನ್ನುತ್ತಾನೆ. ಅದು ಅರ್ಧ ಸತ್ಯ. 2002ರಲ್ಲಿಯೂ 2015ರಲ್ಲಿಯೂ ಮಹಾಮಸ್ತಕಾಭಿಷೇಕಕ್ಕೆ ಅಟ್ಟಣಿಗೆ ಕಟ್ಟಿ, ಹಾಲು, ಎಳನೀರು, ಅರಿಸಿನಗಳ ಕೊಡ ಹೊತ್ತು ಏರಿದವರಲ್ಲಿ ಸರಕಾರ ಯಾರು, ಭಕ್ತರು ಯಾರು, ನೋಡಲು ಬಂದವರು ಯಾರು ಎಂದು ಬೇರ್ಪಡಿಸಲಾಗುತ್ತಿರಲಿಲ್ಲ.

ಅರಸರು ಹೋದ ಮೇಲೂ ಅವರನ್ನು ಆಳಿದ ಕಟ್ಟಳೆ ಬಹುಕಾಲ ಉಳಿಯಿತು. ಬಂಟರು, ಜೈನರು, ಬಿಲ್ಲವರು, ಇನ್ನೂ ಎಷ್ಟೋ ಮಂದಿ 20ನೆಯ ಶತಮಾನದ ನಡುವಿನವರೆಗೂ ಅಳಿಯಸಂತಾನದಲ್ಲಿಯೇ ಬಾಳಿದರು. ಹಿರಿಯ ಯಜಮಾನ, ಅವನ ಅಕ್ಕತಂಗಿಯರು, ಅವರ ಮಕ್ಕಳು ಒಂದೇ ಸೂರಿನಡಿ. ಯಜಮಾನನ ಸ್ವಂತ ಹೆಂಡತಿ ಮಕ್ಕಳು ಬೇರೊಂದು ಸೂರಿನಡಿ. ಬೆವರು ಸುರಿಸಿ ಸೋದರಳಿಯಂದಿರಿಗೆ ಗದ್ದೆ ಮಾಡಿಟ್ಟು, ಸ್ವಂತ ಮಗನಿಗೆ ಹಬ್ಬಕ್ಕೊಂದು ಅಂಗಿ ಕೊಡುವುದಕ್ಕೂ ಮನೆಮಂದಿಯ ಮುಖ ನೋಡಬೇಕಾದ ಯಜಮಾನರ ಸಂಕಟವನ್ನು ಯಾವ ಶಾಸನವೂ ಕೊರೆದಿಡಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆ ಕುಟುಂಬದ ಆಸ್ತಿಯ ವಿಭಾಗಕ್ಕೆ ದಾರಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಮಕ್ಕಳನ್ನು ಅಪ್ಪನ ಸೊತ್ತಿಗೆ ಹತ್ತಿರ ತಂದಿತು. 1974ರ ಭೂಸುಧಾರಣೆ ಉಳುವವನಿಗೆ ಗದ್ದೆಯನ್ನಿತ್ತಿತು. ಇಷ್ಟರ ನಡುವೆ ಗುತ್ತಿನ ಮನೆಗಳ ಹುಡುಗರು ಮುಂಬಯಿಯ ಹೊಟೇಲುಗಳ ದಾರಿ ಹಿಡಿದಿದ್ದರು. ಅಳಿಯಸಂತಾನ ಸಾಗಿತೆಂದು ಕಣ್ಣೀರಿಡಬೇಕಾದುದಿಲ್ಲ. ಆದರೆ ಗಂಡ ಸತ್ತರೂ ಬಿಟ್ಟರೂ ಹೆಣ್ಣಿಗೆ ಹುಟ್ಟಿದ ಮನೆಯ ಜಗಲಿ ತನ್ನದೇ ಎಂಬ ಧೈರ್ಯ ಅದರೊಂದಿಗೆ ಹೋಯಿತು. ಆ ನಷ್ಟವನ್ನು ಯಾವ ಕಾಯಿದೆಯೂ ಪೂರ್ತಿಯಾಗಿ ತುಂಬಿಕೊಟ್ಟಂತಿಲ್ಲ.

ಉಳಿದುದು ಬಳಿ. ತುಳುವಿನಲ್ಲಿ ಬರಿ ಎನ್ನುತ್ತಾರೆ. ಅದು ತಾಯಿಯಿಂದ ಬರುವ ಕುಲದ ಹೆಸರು. ಒಂದೇ ಬರಿಯವರು ಅಣ್ಣತಂಗಿಯರೆಂಬ ಲೆಕ್ಕ, ಮದುವೆ ಕೂಡದು. ಹೊಲ ಹೋಯಿತು, ಗುತ್ತು ಹೋಯಿತು. ಮಕ್ಕಳ ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು ಬಂದು ಕುಳಿತಿತು. ಬರಿ ಮಾತ್ರ ಕದಲಿಲ್ಲ. ಅಂಧೇರಿಯಲ್ಲಿಯೋ ಠಾಣೆಯಲ್ಲಿಯೋ ಹುಡುಗನಿಗೂ ಹುಡುಗಿಗೂ ಒಪ್ಪಿಗೆಯಾಗಿ, ಸಂಬಳ ಎಷ್ಟೆಂದು ವಿಚಾರಿಸಿ, ಜಾತಕವನ್ನೂ ನೋಡಿಯಾದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಹುಡುಗನಿಗೆ ತಿಳಿದಿರುವುದಿಲ್ಲ, ಅವನ ತಂದೆಗೆ ತಿಳಿದಿದ್ದರೆ ಅದು ತಂದೆಯ ಬರಿ, ಪ್ರಯೋಜನಕ್ಕೆ ಬಾರದು. ಕಾರ್ಕಳದ ಹಳ್ಳಿಯ ಮನೆಯಲ್ಲಿರುವ ತಾಯಿಯ ತಾಯಿಗೆ ಫೋನು ಹೋಗುತ್ತದೆ. ಕಿವಿ ಮಂದವಾದ ಮುದುಕಿ ಎರಡು ಸಲ ಕೇಳಿಸಿಕೊಂಡು, ಆಮೇಲೆ ಒಂದು ಗಳಿಗೆಯೂ ತಡೆಯದೆ ಹೇಳುತ್ತಾಳೆ.